ಎಡಕ್ಕೆ ಹತ್ತು

ಭಾವ ಬಹರೈನಿನಿಂದ ತಂದ ಆ್ಯಂಪ್ಲಿಫೈಯರು
ಎರಡಾಳು ಎತ್ತಬೇಕಾದ ಭಾರ.
ಮುಖದ ಮೇಲೆ ಎರಡೇ ಗುಂಡಿ, ಒಂದು ತಿರುಗಣಿ,
ಮಿಕ್ಕ ಬುದ್ಧಿಯೆಲ್ಲ ರಿಮೋಟಿನೊಳಗೆ.
ಆ ಕಾಲಕ್ಕೆ ಅದೇ ಅಂತಸ್ತು:
ಕುರ್ಚಿಯಿಂದ ಏಳದವನು ಯಜಮಾನ.

ಬಲದ ಸ್ಪೀಕರು ತಾಗಿದ್ದು ನಡುಗೋಡೆಗೆ.
ಆಚೆ ಸೆವ್ರಿನ್ ಬಾಯಮ್ಮನ ಮಗ,
ಪಿಯುಸಿ ಎರಡನೇ ವರ್ಷ, ಕೆಮಿಸ್ಟ್ರಿಯ ಜೊತೆ ಕುಸ್ತಿ.
ಬಟ್ಟಲಲ್ಲಿ ಬಿಂಬುಳಿ ಉಪ್ಪಿನಕಾಯಿ ತಂದು
"ಸ್ವಲ್ಪ ಮೆಲ್ಲ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೆ" ಎಂದರು.
ಬ್ಯಾಲೆನ್ಸನ್ನು ಒತ್ತಿ ಒತ್ತಿ ಎಡಕ್ಕೆ ತಳ್ಳಿದೆ.
ಒಂದು, ಎರಡು, ಹತ್ತು.
ಅದರಾಚೆ ಎಡ ಇರಲಿಲ್ಲ.

ಪರೀಕ್ಷೆ ಮುಗಿಯಿತು, ಹುಡುಗ ಪಾಸು.
ಬಾಯಮ್ಮ ಪೇಡ ಹಂಚಿದ ಸಂಜೆ ನೋಡಿದರೆ
ರಿಮೋಟಿಲ್ಲ.

ಅತ್ತೆ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಂಡರು.
ಬಾಯಮ್ಮ ಸಂತ ಅಂತೋನಿಗೆ ಮೇಣದಬತ್ತಿ.
ಇಬ್ಬರೂ ಸೇರಿ ಕೊಡಿಸಿದ್ದು:
ನನ್ನವಳ ಮೂಗುಬೊಟ್ಟು, ಮೂರು ವರ್ಷದ ಹಿಂದಿನದು,
ಒಂದು ಕೊಡೆ, ನಮ್ಮದಲ್ಲದ್ದು.
ಚಕ್ಕುಲಿ ಸಲ್ಲಿಸಿದೆವು. ಲೆಕ್ಕ ಲೆಕ್ಕವೇ.

ಆಮೇಲೆ ಏಳು ವರ್ಷ ಅರ್ಧ ಹಾಡು.
ಎಡಕ್ಕೆ ಕೊಳಲು ಮತ್ತು ಗಂಡಸು.
ಬಲಕ್ಕೆ ಯಾರಿದ್ದರೋ, ವಯರಿನಲ್ಲೇ ಉಳಿದರು.
ಪ್ರಶ್ನೆ ಕೇಳಿಸುತ್ತಿರಲಿಲ್ಲ,
ಅವನು ಮಾತ್ರ ಉತ್ತರ ಕೊಡುತ್ತಲೇ ಇದ್ದ.
ನಡುನಡುವೆ ಉದ್ದುದ್ದ ಖಾಲಿ.
ಧೃತಿ ಹುಟ್ಟಿದ್ದು, ತೆವಳಿದ್ದು, ಹಲ್ಲು ಬಿದ್ದದ್ದು
ಎಲ್ಲ ಈ ಅರ್ಧದಲ್ಲಿ.

ಮೊನ್ನೆ ಐಸ್ ಪ್ಲಾಂಟಿನಲ್ಲಿ ಪಾಳಿ ಮುಗಿಸಿ
ದಕ್ಕೆಯಿಂದ ಬಂದರಿನ ಓಣಿಗೆ ತಿರುಗಿದೆ.
ಒಣಮೀನು ದಾಟಿ, ಅಕ್ಕಿಮಂಡಿಯ ಎದುರು,
ಏಣಿಯಂಥ ಮೆಟ್ಟಿಲ ಮೇಲೆ ಇದ್ದಿನಬ್ಬರ ಅಂಗಡಿ.
ಗೋಣಿ ಬಗ್ಗಿಸಿದರು. ಬಂಗುಡೆ ರಾಶಿಯ ಹಾಗೆ
ಕಪ್ಪು ಬೆನ್ನಿನ ರಿಮೋಟುಗಳು ಜಾರಿ ಬಿದ್ದವು.
"ಇವುಗಳ ಪೆಟ್ಟಿಗೆ ಗುಜರಿಗೆ ಹೋಗಿದೆ.
ನಿಮ್ಮದಕ್ಕೆ ಪೆಟ್ಟಿಗೆ ಉಂಟು, ಕೈ ಇಲ್ಲ."
ಒಂದೊಂದನ್ನೇ ಮೊಬೈಲಿನ ಕ್ಯಾಮರಾಕ್ಕೆ ಹಿಡಿದು ಒತ್ತಿದರು.
ಬರಿಗಣ್ಣಿಗೆ ಏನೂ ಇಲ್ಲ,
ಪರದೆಯಲ್ಲಿ ಮಾತ್ರ ನೇರಳೆ ಹಣ್ಣಿನಷ್ಟು ಬೆಳಕು.
"ಜೀವ ಉಂಟು. ಭಾಷೆ ಬರ್ತದಾ, ಅದು ನಂಗೆ ಗೊತ್ತಿಲ್ಲ.
ನಾಲ್ಕು ಕೊಂಡುಹೋಗಿ. ಯಾವುದರ ಮಾತು ಕೇಳ್ತದೋ
ಅದಕ್ಕೆ ನೂರೈವತ್ತು."

ಗೋಡೆ ಗಡಿಯಾರದಿಂದ ಒಂದು ಸೆಲ್ ಕಿತ್ತೆ,
ಟಾರ್ಚಿನಿಂದ ಇನ್ನೊಂದು.
ಮೊದಲನೆಯದಕ್ಕೆ ಮನೆಯಲ್ಲಿ ಯಾರೂ ಕಿವಿಗೊಡಲಿಲ್ಲ.
ಎರಡನೆಯದು ಟಿವಿ ಆರಿಸಿತು,
ಸೀರಿಯಲ್ಲಿನ ನಡುವೆ ನನಗೆ ಬೈಗುಳ.
ಮೂರನೆಯದರಲ್ಲಿ ಹೆಚ್ಚು ಮಾಡಿದರೆ ಕಡಿಮೆ.
ನಾಲ್ಕನೆಯದು ಯಾವುದೋ ಡಿವಿಡಿ ಕಂಪನಿಯದು,
ಅಂಚಿಗೆ ಯಾರದೋ ಮಗುವಿನ ಹಲ್ಲಿನ ಗುರುತು.
ಎಲ್ಲ ಒತ್ತಿ ಸೋತು ಕೊನೆಗೆ 'ಸಬ್‌ಟೈಟಲ್' ಒತ್ತಿದೆ.
ಕಿಟಕಿಯಷ್ಟಗಲದ ಹಸಿರು ಅಕ್ಷರ ಕದಲಿತು:
ಎಡಕ್ಕೆ ಒಂಬತ್ತು.

ಎಂಟು. ಏಳು.
ಬಲದ ಪೆಟ್ಟಿಗೆ ಕೆಮ್ಮಿತು,
ಹಿಂದಿನಿಂದ ಹಲ್ಲಿಯೊಂದು ಎದ್ದೋಡಿತು.
ಐದು, ನಾಲ್ಕು, ಸೊನ್ನೆ,
ಮತ್ತು ಆ ಹೆಂಗಸು ತನ್ನ ಪ್ರಶ್ನೆಯನ್ನು ಕೇಳಿದಳು,
ಏನೂ ಆಗದವಳ ಹಾಗೆ, ತಾಳ ತಪ್ಪದೆ.
ನನ್ನವಳು ಸೌಟಿನೊಂದಿಗೆ ಬಾಗಿಲಿಗೆ ಬಂದು ನಿಂತಳು.
ಗಂಜಿ ಉಕ್ಕಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಧೃತಿಯ ಮುಖ ಮಾತ್ರ ಕಪ್ಪಿಟ್ಟಿತು.
"ಇವಳು ಯಾರಪ್ಪ, ನಡುವೆ ಬಾಯಿ ಹಾಕುವುದು?"
ಹಾಡಿನದೇ ಭಾಗ ಮಗಾ, ಮೊದಲಿನಿಂದಲೂ ಇದ್ದಾಳೆ.
"ಅಲ್ಲಿ ನಾನು ಹಾಡುವುದಲ್ವಾ?"

ನಮಗೆ ಖಾಲಿ ಕೇಳಿಸಿದ ಕಡೆಯೆಲ್ಲ
ಅವಳು ತನ್ನದೇ ಸಾಲು ಕೂಡಿಸಿಕೊಂಡಿದ್ದಳು.
ಏಳು ವರ್ಷ ಒಂದೇ ಮನೆಯಲ್ಲಿದ್ದೂ
ನಾವು ಗಮನಿಸಿರಲಿಲ್ಲ.

ಈಗ 'ಸಬ್‌ಟೈಟಲ್' ಮೇಲೆ ಪ್ಲಾಸ್ಟರ್ ಅಂಟಿಸಿ
ನನ್ನವಳು ಬಾಲ್ ಪೆನ್ನಿನಲ್ಲಿ 'ಬಲ' ಎಂದು ಬರೆದಿದ್ದಾಳೆ.
ಅದು ಮಗಳು ಮಲಗಿದ ಮೇಲೆ.
ಅಲ್ಲಿಯವರೆಗೆ ಎಡಕ್ಕೆ ಹತ್ತು.

ಗಡಿಯಾರ ನಾಲ್ಕೂ ಇಪ್ಪತ್ತರಲ್ಲಿ ನಿಂತಿದೆ, ಸೆಲ್ ತರಬೇಕು.
ಇದ್ದಿನಬ್ಬರಿಗೆ ಮೂರು ವಾಪಸು ಕೊಡಬೇಕು.
ಅದರಲ್ಲೊಂದನ್ನು ಬೆಕ್ಕಿನತ್ತ ಹಿಡಿದು
ಧೃತಿ ಒತ್ತುತ್ತಿದ್ದಾಳೆ, ಒತ್ತುತ್ತಲೇ ಇದ್ದಾಳೆ.
ಬೆಕ್ಕು ಬಲಗಿವಿ ಮಾತ್ರ ಅಲ್ಲಾಡಿಸಿತು.